ನಾಲ್ಕು ನೂರ ಹನ್ನೆರಡು ಬೋಳು ಹಣೆಗಳು

ಕುಷಾಯಿಗೂಡ, ಹೈದರಾಬಾದ್
೬ ಜುಲೈ ೨೦೨೫, ರವಿವಾರ

ಪ್ರೀತಿಯ ನಿಶಾಂತ,

ನಿನ್ನ ಸೋದರಮಾವ ರಾಮದಾಸ ಮಾಡುವ ತುಂಬು ಆಶೀರ್ವಾದ. ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಶಿಲ್ಲಾಂಗಿನ ಮಳೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ, ಹಸಿ ಬನಿಯನ್ನಿನಲ್ಲೇ ಬ್ಯಾಂಕಿಗೆ ಹೋಗುತ್ತೇನೆ ಎಂದು ಹೋದ ತಿಂಗಳು ಫೋನಿನಲ್ಲಿ ಹೇಳಿದ್ದೆಯಲ್ಲ, ಅಂದಿನಿಂದ ನಿನ್ನ ಮಾಮಿ ನಲಿನಿಗೆ ಅದೇ ಚಿಂತೆ. "ಮ್ಯಾನೇಜರ್ ಆಗ್ಯಾನ, ಒಂದು ಬನೀನಿಗೆ ಇಸ್ತ್ರಿ ಹೊಡಕೊಳ್ಳಿಕ್ಕೆ ಬರಂಗಿಲ್ಲೇನು?" ಎನ್ನುತ್ತಾಳೆ. ದಿನಾ ಎರಡು ಸಲ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸು. ನಮ್ಮ ಕಡೆ ಎಲ್ಲ ಆರಾಮ. ನನ್ನ ಎಡ ಮೊಣಕಾಲು ಮೆಟ್ಟಿಲು ಹತ್ತುವಾಗ ಬಾಯಿ ಬಿಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಇವತ್ತು ಆಷಾಢದ ಏಕಾದಶಿ, ನಿರಾಹಾರ. ಹೊಟ್ಟೆ ಖಾಲಿ ಇದ್ದಾಗ ನನಗೆ ತಲೆ ಚುರುಕು ಎಂದು ನಿನಗೆ ಗೊತ್ತಿದೆ, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಈ ಕಾಲದಲ್ಲಿ ಮಾಮಾ ಕಾಗದ ಬರೆಯುತ್ತಾನಲ್ಲ, ಮರುಳು ಹಿಡಿಯಿತೇ ಎನ್ನಬೇಡ. ನನ್ನ ಫೋನು, ಕ್ಯಾಮೆರಾ, ಮೂರು ಲೆನ್ಸು, ಕಂಪ್ಯೂಟರಿನ ಮೌಸು ಎಲ್ಲವೂ ನಿನ್ನ ಮಾಮಿಯ ಅಲ್ಮಾರಿಯಲ್ಲಿ ಆಕೆಯ ಧಾರವಾಡ ಸೀರೆಗಳ ಕೆಳಗೆ ಬಂಧನದಲ್ಲಿವೆ. ಕೀಲಿ ಆಕೆಯ ಸೊಂಟದಲ್ಲಿದೆ. ಇದಕ್ಕೆಲ್ಲ ಕಾರಣ ನಿನ್ನ ಅಮ್ಮ. ನನ್ನ ಹತ್ತಿರ ಮಾತು ಬಿಟ್ಟು ಹದಿನೆಂಟು ದಿನವಾಯಿತು. ಈ ಸಲ ನಾಗರಪಂಚಮಿಗೆ ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿಬಿಟ್ಟಿದ್ದಾಳೆ. ಪಂಚಮಿಗೆ ಇನ್ನು ಇಪ್ಪತ್ತಮೂರು ದಿನ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಹೊಸದಾಗಿ ಕ್ಯಾಮೆರಾ ಕೊಳ್ಳುತ್ತೇನೆ, ಯಾವುದು ಕೊಳ್ಳಲಿ, ಯಾವ ಲೆನ್ಸು, ಫೋಟೋ ತಿದ್ದಲು ಯಾವ ಸಾಫ್ಟ್‌ವೇರು ಎಂದು ಕೇಳಿದ್ದೆ. ಇಡೀ ಬಳಗದಲ್ಲಿ ನನ್ನನ್ನು ಕೇಳಬೇಕೆಂದು ನಿನಗೊಬ್ಬನಿಗೆ ಅನ್ನಿಸಿತಲ್ಲ, ಅದಕ್ಕೇ ನೀನೆಂದರೆ ನನಗೆ ಜೀವ.

ಕ್ಯಾಮೆರಾ ಯಾವುದಾದರೂ ನಡೆಯುತ್ತದೆ. ಇದು ನಾನು ಎರಡು ಕ್ಯಾಮೆರಾ ಬದಲಿಸಿ ಕಲಿತ ಪಾಠ. ಅಂಗಡಿಯವರು ಮೆಗಾಪಿಕ್ಸೆಲ್ ಎಷ್ಟು ಎಂದು ಗಂಟಲು ಹರಿದುಕೊಳ್ಳುತ್ತಾರೆ. ನೀನೇನು ರಸ್ತೆ ಬದಿಯ ಫಲಕಕ್ಕೆ ಫೋಟೋ ಹೊಡೆಯುತ್ತೀಯಾ? ನಾಲ್ಕೈದು ವರ್ಷ ಹಳೆಯ ಮಾದರಿಯಾದರೂ ಚಿಂತೆಯಿಲ್ಲ, ಕೈಯಲ್ಲಿ ಹಿಡಿದಾಗ ಬೆರಳು ಸರಿಯಾಗಿ ಕೂರಬೇಕು, ಕುತ್ತಿಗೆಗೆ ಭಾರವಾಗಬಾರದು, ಅಷ್ಟೇ ನೋಡು. ಭಾರವಾದದ್ದನ್ನು ಕೊಂಡರೆ ಎರಡು ರವಿವಾರ ಹೊರಗೆ ಒಯ್ಯುತ್ತೀ, ಮೂರನೆಯ ರವಿವಾರ ಮಲಗುತ್ತೀ. ಉಳಿದ ಹಣವನ್ನು ಲೆನ್ಸಿಗೆ ಇಡು. ಕ್ಯಾಮೆರಾದ ಜೊತೆಗೆ ಬರುವ ಸಣ್ಣ ಲೆನ್ಸನ್ನು ಆರು ತಿಂಗಳು ಬಳಸದೆ ಇನ್ನೊಂದು ಕೊಳ್ಳಬೇಡ. ಆಮೇಲೆ ಮುಖಗಳ ಫೋಟೋ ಬೇಕೆನ್ನಿಸಿದರೆ ಐವತ್ತು ಎಂಎಂನ ಅಗ್ಗದ ಲೆನ್ಸೊಂದು ಸಿಗುತ್ತದೆ. ಮುಖ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿ ಹೋಗುತ್ತದೆ.

ಆದರೆ ಆ ಬೆಣ್ಣೆಯ ಆಸೆಗೆ ಬೀಳಬೇಡ. ಅಪರ್ಚರ್ ಎಂಬ ಲೆನ್ಸಿನ ಕಿಂಡಿಯ ಸಂಖ್ಯೆ ಸಣ್ಣದಾದಷ್ಟೂ ಫೋಕಸ್ ಆಗುವ ಜಾಗ ತೆಳುವಾಗುತ್ತದೆ. ನನ್ನ ಗೆಳೆಯ ಶ್ರೀಹರ್ಷನ ಮೊಮ್ಮಗನ ಮುಂಜಿಯಲ್ಲಿ ೧.೮ರಲ್ಲಿಟ್ಟು ಹೊಡೆದೆ. ಆಚಾರ್ಯರ ಕಿವಿಯ ಕೂದಲು ಒಂದೊಂದೂ ಎಣಿಸಬಹುದು, ವಟು ಮಾತ್ರ ಹೊಗೆಯಲ್ಲಿ ಕೂತ ಹಾಗಿದ್ದಾನೆ. "ಮುಂಜಿ ಯಾರದಾತೋ?" ಎಂದು ಶ್ರೀಹರ್ಷ ಇವತ್ತಿಗೂ ಕೇಳುತ್ತಾನೆ. ಗುಂಪಿನ ಫೋಟೋ ಎಂದರೆ ೫.೬, ಇಲ್ಲವೇ ೮. ಇದನ್ನು ಗೋಡೆಯ ಮೇಲೆ ಬರೆದಿಡು. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನ ಸುದ್ದಿಗೆ ಹೋಗಲೇಬೇಡ. ಎದುರು ಮನೆಯ ಪ್ರೇಮಾ ಅವರ ನೀರಿನ ಟ್ಯಾಂಕಿನ ಮೇಲೆ ಕೂರುವ ಪಾರಿವಾಳಗಳಿಗಾಗಿ ನಾನೊಂದು ಉದ್ದನೆಯದನ್ನು ಕೊಂಡೆ. ಮೂರನೆಯ ದಿನ ಆಕೆ ಬಾಲ್ಕನಿಗೆ ಅಡ್ಡಲಾಗಿ ಎರಡು ಚಾದರ ಕಟ್ಟಿದರು. ನಾನು ಹೋಗಿ ಪಾರಿವಾಳದ ನಲವತ್ತು ಫೋಟೋ ತೋರಿಸಿ ಬಂದೆ, ಚಾದರ ಮಾತ್ರ ಇನ್ನೂ ಹಾಗೇ ಇದೆ.

ನಿನ್ನ ಊರಿಗೆ ಮುಖ್ಯವಾದದ್ದು ಇದು. ಅಷ್ಟು ತೇವದಲ್ಲಿ ಲೆನ್ಸಿನ ಒಳಗೆ ಬೂಷ್ಟು ಬರುತ್ತದೆ, ಒಮ್ಮೆ ಬಂದರೆ ಒರೆಸಲು ಬರುವುದಿಲ್ಲ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡು, ಪೊಟ್ಟಣಗಳನ್ನು ಆಗಾಗ ಬದಲಿಸು. ಡಬ್ಬಿ ಹೊಸದಾಗಿರಲಿ. ನಾನು ಅಡಿಗೆಮನೆಯಿಂದ ಒಂದನ್ನು ಎತ್ತಿಕೊಂಡೆ. ಅದರಲ್ಲಿ ಮೊದಲು ಶೇಂಗಾ ಚಟ್ನಿಪುಡಿ ಇತ್ತು. ಈಗ ನಾನು ಕ್ಯಾಮೆರಾ ಕಣ್ಣಿಗೆ ಹಿಡಿದ ಕೂಡಲೇ ಬಾಯಲ್ಲಿ ನೀರು ಬರುತ್ತದೆ.

ಇನ್ನು ತಿದ್ದುವ ಸಾಫ್ಟ್‌ವೇರು. ಪುಕ್ಕಟೆ ಸಿಗುವವು ಬೇಕಾದಷ್ಟಿವೆ, ಹವ್ಯಾಸಕ್ಕೆ ಸಾಕು. ಬೆಳಕು ಸ್ವಲ್ಪ, ನೆರಳು ಸ್ವಲ್ಪ, ವಾರೆಯಾಗಿದ್ದರೆ ನೆಟ್ಟಗೆ ಮಾಡು, ಎದ್ದು ಹೋಗಿ ಚಹಾ ಕುಡಿ. "ತಾನಾಗಿಯೇ" ಎಂದು ಬರೆದ ಗುಂಡಿಯನ್ನು ಮಾತ್ರ ಮುಟ್ಟಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಮೂವತ್ತನಾಲ್ಕು ವರ್ಷ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಪರರ ತಪ್ಪು ಹಿಡಿದ ಈ ರಾಮದಾಸನೇ ಆ ಗುಂಡಿ ಒತ್ತಿ ಹಾಳಾದ.

ಮೇ ತಿಂಗಳಲ್ಲಿ ನಿನ್ನ ಅಪ್ಪನ ಎಪ್ಪತ್ತರ ಭೀಮರಥ ಶಾಂತಿ ಎಷ್ಟು ಚೆನ್ನಾಗಿ ಆಯಿತು, ನೀನೂ ಇದ್ದೆಯಲ್ಲ. ಅಂದು ನಾನು ಮೈಕು ಹಿಡಿದು, ಯಾರೂ ಮೊಬೈಲಿನಲ್ಲಿ ಫೋಟೋ ತೆಗೆಯಬಾರದು, ನನ್ನ ಚೌಕಟ್ಟಿನೊಳಗೆ ಕೈಗಳು ಬರುತ್ತವೆ ಎಂದು ಸಾರಿದ್ದೂ ನೆನಪಿರಬೇಕು. ಎಲ್ಲರೂ ನನ್ನ ಮಾತಿಗೆ ಬೆಲೆ ಕೊಟ್ಟು ಫೋನು ಒಳಗಿಟ್ಟರು. ಈಗ ಅನ್ನಿಸುತ್ತದೆ, ಯಾರಾದರೊಬ್ಬರು ನನ್ನ ಬಾಯಿ ಮುಚ್ಚಿಸಬಾರದಿತ್ತೇ? ಒಟ್ಟು ನಾಲ್ಕು ನೂರ ಹನ್ನೆರಡು ಫೋಟೋ. ಒಂದೊಂದನ್ನೇ ತಿದ್ದುತ್ತ ಕೂತರೆ ದೀಪಾವಳಿಯಾಗುತ್ತದೆ ಎಂದು, ಮುಖದ ಕಲೆ-ಚುಕ್ಕೆಗಳನ್ನು ತಾನಾಗಿಯೇ ತೆಗೆಯುವ ಸೌಲಭ್ಯವನ್ನು ನೂರಕ್ಕೆ ನೂರರಷ್ಟು ಏರಿಸಿ, ಎಲ್ಲ ಫೋಟೋಗಳಿಗೂ ಒಂದೇ ಏಟಿಗೆ ಹಾಕಿದೆ. ಹಳೆಯದರ ಮೇಲೆಯೇ ಉಳಿಸಲೇ ಎಂದು ಕಂಪ್ಯೂಟರು ಕೇಳಿತು. ದೊಡ್ಡ ಮನುಷ್ಯನ ಹಾಗೆ ಹೌದು ಎಂದೆ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಪಾರಿವಾಳಗಳಿಂದ ತುಂಬಿಸಿದೆ. ನಿನ್ನ ಅಪ್ಪ-ಅಮ್ಮ ಮಣೆಯ ಮೇಲೆ ಜೋಡಿಯಾಗಿ ಕೂತ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಹೋದ ತಿಂಗಳು ಒಂದು ಶುಕ್ರವಾರ ಮೆಹದಿಪಟ್ಟಣಕ್ಕೆ ಆಟೋದಲ್ಲಿ ಒಯ್ದೆ. ಅಂದು ನಿಮ್ಮ ಮನೆಯಲ್ಲಿ ಹತ್ತು ಮಂದಿ ಮುತ್ತೈದೆಯರು ಅರಿಷಿಣ-ಕುಂಕುಮಕ್ಕೆ ಬಂದಿದ್ದರು. ಎಲ್ಲರ ಎದುರಿಗೆ ಕಾಗದ ಬಿಚ್ಚಿದೆ. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಲೆನ್ಸಿನ ಬಗ್ಗೆ ವಿವರಿಸತೊಡಗಿದೆ.

ನಿಶಾಂತ, ನಿನ್ನ ಅಮ್ಮನ ಹಣೆಯ ಮೇಲೆ ಕುಂಕುಮ ಇರಲಿಲ್ಲಪ್ಪ. ಸೀರೆಯ ಜರಿ ನೋಡಿದ್ದೆ, ಮೂಗುಬೊಟ್ಟಿನ ಹೊಳಪು ನೋಡಿದ್ದೆ, ಹಣೆ ನೋಡಿರಲಿಲ್ಲ. ಆ ದರಿದ್ರ ಯಂತ್ರ ಕುಂಕುಮವನ್ನು ಮೊಡವೆ ಎಂದು ತಿಳಿದು ಒರೆಸಿ ಹಾಕಿದೆ. ನಿನ್ನ ಅಪ್ಪನ ಹಣೆಯ ಅಂಗಾರ-ಅಕ್ಷತೆಯೂ ಹೋಗಿ, ಮಾಧ್ವರ ಮನೆಯ ಯಜಮಾನ ಈಗ ತಾನೇ ಮುಖ ತೊಳೆದು ಬಂದವನ ಹಾಗೆ ಕೂತಿದ್ದಾನೆ. ಆಮೇಲೆ ನೋಡಿದರೆ ಎಲ್ಲ ಫೋಟೋಗಳದೂ ಅದೇ ಕಥೆ. ಗಂಡ ಪಕ್ಕದಲ್ಲೇ ಇದ್ದೂ ಬೋಳು ಹಣೆಯಲ್ಲಿ ಕೂತ ಹೆಂಗಸರ ಸಾಲು. "ರಾಮ್ಯಾ, ನನ್ನ ಕುಂಕುಮ ಎಲ್ಲಿ ಹೋತೋ?" ಎಂದು ಅಕ್ಕ ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಭಾವನೇನೋ ನಕ್ಕುಬಿಟ್ಟ. "ಬಿಡ ಉಮಾ, ನಾ ಇನ್ನೂ ಗಟ್ಟಿಮುಟ್ಟಾಗಿ ಇದ್ದೀನಲ್ಲ, ಚಹಾ ಕೊಡು" ಎಂದ. ಅಕ್ಕ ನಗಲಿಲ್ಲ. ಭಾವನ ಎಪ್ಪತ್ತು ದಾಟಲೆಂದು ಆಕೆ ಎಷ್ಟು ಸೋಮವಾರ, ಎಷ್ಟು ಮಂಗಳವಾರ ಉಪವಾಸ ಮಾಡಿದ್ದಾಳೆ ಎಂದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ಇನ್ನು ಮುಂದೆ. ನಾಲ್ಕು ದಿನ ಬಿಟ್ಟು ಹೋದೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಭಾವ ಸ್ನಾನಕ್ಕೆ ಹೋಗಿದ್ದ. ಫೋಟೋ ನಡುಮನೆಯ ಗೋಡೆಗೆ ಮುಖ ತಿರುಗಿಸಿಕೊಂಡು ನಿಂತಿತ್ತು. ಕಂಪ್ಯೂಟರಿನ ಗೊಡವೆಯೇ ಬೇಡ, ಕುಂಕುಮ ಹೋಗಿದ್ದರೆ ಕುಂಕುಮವನ್ನೇ ಇಟ್ಟರಾಯಿತು ಎಂದು ನನಗೆ ಹೊಳೆಯಿತು. ದೇವರ ಮನೆಯಿಂದ ಭರಣಿ ತಂದು, ಉಂಗುರಬೆರಳಿನಿಂದ ಗಾಜಿನ ಮೇಲೆ ಸರಿಯಾದ ಜಾಗಕ್ಕೆ ಅಕ್ಕನಿಗೆ ಕುಂಕುಮ ಇಟ್ಟೆ. ಭಾವನಿಗೆ ಗಂಧ ಹಚ್ಚಿದೆ. ಗೋಡೆಗೆ ತೂಗುಹಾಕಿದೆ. ಚೆಂದ ಕಾಣಲೆಂದು ಒಂದು ಮೊಳ ಮಲ್ಲಿಗೆಯನ್ನು ಮೇಲಿಂದ ಇಳಿಬಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಭೇಷ್ ಎಂದುಕೊಂಡೆ.

ಅಷ್ಟರಲ್ಲಿ ನೀರಿನ ಫಿಲ್ಟರ್ ರಿಪೇರಿಯವನು ಬಂದ. ಒಳಗೆ ಕಾಲಿಟ್ಟವನು ಫೋಟೋ ನೋಡಿದ್ದೇ ಟೋಪಿ ತೆಗೆದು ಕೈ ಮುಗಿದ. "ಅಯ್ಯೋ, ಇದ್ದರೂ ಒಕೇಸಾರಿ ಪೋಯಾರಾ ಅಂಡಿ?" ಎಂದು ನನ್ನ ಬೆನ್ನು ಸವರಿದ. ಇಬ್ಬರೂ ಒಟ್ಟಿಗೇ ತೀರಿಕೊಂಡರಾ ಎಂದು ಪಾಪ, ಸಮಾಧಾನ ಹೇಳಲು ಬಂದ. ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಕುಂಕುಮ, ಗಂಧ, ಮಾಲೆ, ಇವನ್ನು ನಾವು ಎಂಥವರ ಫೋಟೋಕ್ಕೆ ಹಾಕುತ್ತೇವೆ ಎಂದು! ಓಡಿ ತೆಗೆಯುವಷ್ಟರಲ್ಲಿ ಹಿತ್ತಲಿಂದ ಅಕ್ಕ ಬಂದಳು, ಬಚ್ಚಲಿಂದ ಭಾವ ಪಂಚೆ ಸುತ್ತಿಕೊಂಡು ಬಂದ. ರಿಪೇರಿಯವನ ಕೈಯಿಂದ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಜಾರಿ ನೇರ ನನ್ನ ಪಾದದ ಮೇಲೆ ಬಿತ್ತು. ಯಾರೂ ನನಗೆ ನೋವಾಯಿತೇ ಎಂದು ಕೇಳಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. "ಮೊದಲ ಸಲ ನನ್ನ ಗಂಡನ್ನ ಕಳಿಸಿದಿ, ಎರಡನೇ ಸಲ ನನ್ನೂ ಕೂಡೇ ಕಳಿಸಿದಿ. ಇನ್ನ ಪಂಚಮಿಗೆ ಯಾರನ್ನ ಕರಿಲಿಕ್ಕೆ ಬರ್ತೀ?" ಎಂದು ಒಳಗೆ ಹೋದಳು. ನಮ್ಮ ಅವ್ವ-ಅಪ್ಪ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ಈ ಕುಷಾಯಿಗೂಡದ ಎರಡು ಕೋಣೆಯ ಮನೆಯೇ. ಪ್ರತಿ ವರ್ಷ ಪಂಚಮಿಯ ಹಿಂದಿನ ದಿನ ನಾನು ಹೋಗಿ ಕರೆತರುತ್ತೇನೆ. ನಾಗಪ್ಪನಿಗೆ ಹಾಲೆರೆದು, ತಮ್ಮನ ಬೆನ್ನಿಗೂ ಹಾಲು ಹಚ್ಚಿ, ನಲಿನಿ ಕಟ್ಟಿದ ಶೇಂಗಾದುಂಡಿ, ಎಳ್ಳುಂಡಿ ತಿಂದು, ನನ್ನನ್ನು ನಾಲ್ಕು ಮಂದಿಯ ಎದುರು ಬೈದು ಹೋಗುತ್ತಾಳೆ. ಈ ಸಲ ಆಕೆ ಬರದಿದ್ದರೆ ನನಗೆ ಹಬ್ಬವೇ ಬೇಡ. ಮೊನ್ನೆ ನಲಿನಿ ಶೇಂಗಾ ಹುರಿಯುವಾಗ ನನಗೆ ಅಳು ಬಂದುಬಿಟ್ಟಿತು. ಹೊಗೆಗೆ ಎಂದೆ, ಆಕೆ ನಂಬಲಿಲ್ಲ.

ಇರಲಿ. ಮೈ ಬೆಚ್ಚಗಿಟ್ಟುಕೋ, ಮಳೆಯಲ್ಲಿ ನೆನೆಯಬೇಡ, ಕ್ಯಾಮೆರಾವನ್ನೂ ನೆನೆಸಬೇಡ. ರಾಯರು ನಿನಗೆ ಒಳ್ಳೆಯ ಬೆಳಕನ್ನೂ ಒಳ್ಳೆಯ ಬುದ್ಧಿಯನ್ನೂ ಕೊಡಲಿ, ಬುದ್ಧಿಯನ್ನು ಸ್ವಲ್ಪ ಹೆಚ್ಚಾಗಿಯೇ ಕೊಡಲಿ. ನಲಿನಿ ಮಾಮಿಯ ಆಶೀರ್ವಾದಗಳೂ ಇದರೊಳಗೇ ಇವೆ.

ನಿನ್ನ ಮಾಮಾ,
ರಾಮದಾಸ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ನಿಜ ಹೇಳಿಬಿಡುತ್ತೇನೆ, ಈ ಕಾಗದ ಬರೆದದ್ದು ಲೆನ್ಸಿಗಾಗಿ ಅಲ್ಲ. ಶಾಂತಿಯ ದಿನ ಊಟದ ಪಂಕ್ತಿಯಲ್ಲಿ ನೀನು ಮೊಬೈಲಿನಲ್ಲಿ ಕದ್ದು ತೆಗೆದ ಒಂದು ಫೋಟೋ ತೋರಿಸಿದ್ದೆ. ಭಾವ ಅಕ್ಕನ ಹಣೆಗೆ ಕುಂಕುಮ ಇಡುತ್ತಿದ್ದಾನೆ, ಅಕ್ಕ ನಾಚಿಕೊಂಡು ನಗುತ್ತಿದ್ದಾಳೆ, ವಾರೆಯಾಗಿದೆ, ಮಸುಕಾಗಿದೆ, ಬಲಗಡೆ ನನ್ನ ಮೊಣಕೈ ಅಡ್ಡ ಬಂದಿದೆ. ಇಂಥ ಕಸ ಯಾಕೆ ಇಟ್ಟುಕೊಂಡಿದ್ದೀ, ಅಳಿಸು ಎಂದು ನಾನು ಗದರಿಸಿದ್ದೆ. ನಿನ್ನ ಜನ್ಮದಲ್ಲಿ ಒಮ್ಮೆಯಾದರೂ ಮಾಮಾನ ಮಾತು ಮೀರಿದ್ದೀಯಾ? ಮೀರಿದ್ದರೆ, ಅಳಿಸದೇ ಇದ್ದರೆ, ಅದನ್ನು ದೊಡ್ಡದಾಗಿ ಮಾಡಿಸಿ ಪಂಚಮಿಯ ಒಳಗೆ ಅಕ್ಕನಿಗೆ ಮುಟ್ಟುವ ಹಾಗೆ ಕಳಿಸು. ಏನನ್ನೂ ತಿದ್ದಬೇಡ. ಬೇಕಾದರೆ ನನ್ನ ಮೊಣಕೈಯೊಂದನ್ನು ಕತ್ತರಿಸಿ ಹಾಕು. ಬೇಡ, ಅದೂ ಇರಲಿ ಬಿಡು. ತಮ್ಮ ಬಾಜೂಕೇ ನಿಂತಿದ್ದ ಎಂದು ಅಕ್ಕನಿಗೆ ಗೊತ್ತಾಗಲಿ.