ಸುಳಿನೀರಿಗೆ ಬಿರುಕು ಬಿಟ್ಟ ರೆಕ್ಕೆ

ಜೂನ್ ೧೪, ಶನಿವಾರ. ಗೌರಿಬಿದನೂರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗಂಗರಾಜುವಿನ ಅಮ್ಮ ಕೇಳಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಉಬ್ಬರವಿಳಿತದ ನೀರಿನಿಂದ ಕರೆಂಟ್ ತೆಗೆಯುವ ನಮ್ಮ ಟರ್ಬೈನನ್ನು ಹೋದ ವಾರ ತಪಾಸಣೆಗೆಂದು ಸಮುದ್ರದಿಂದ ಎತ್ತುವಾಗ ರೆಕ್ಕೆ ಮುರಿದು ಅವನ ಮೇಲೆ ಬಿತ್ತು. ಅಲ್ಲೇ ಹೋಗಿಬಿಟ್ಟ. ಇವತ್ತು ಮುರುಗಮಲ್ಲಕ್ಕೆ, ಅವನ ಮನೆಗೆ ಹೋಗಿದ್ದೆ.

“ಸಮುದ್ರ ಅಷ್ಟು ಜೋರಾಗಿತ್ತೇನಮ್ಮಾ?” ಎಂದರು ಅವನ ಅಮ್ಮ ಅನಸೂಯಮ್ಮ.

“ಇಲ್ಲಮ್ಮ, ದಿನಾ ಇರೋ ಹಂಗೇ ಇತ್ತು. ಆದ್ರೆ ಅಲ್ಲಿ ನೀರು ಒಂದೇ ಸಮ ಹರಿಯಲ್ಲ, ಸುಳಿ ಸುತ್ತುತ್ತೆ. ರೆಕ್ಕೆಗೆ ಒಂದ್ಸಲ ಜೋರಾಗಿ ಬಡಿಯುತ್ತೆ, ಆಮೇಲೆ ಬಿಡುತ್ತೆ. ಹಂಗೇ ಏಟು ತಿಂದು ತಿಂದು ಬುಡ ಬಿರುಕು ಬಿಟ್ಟಿತ್ತು.”

“ಮೊದ್ಲೇ ಗೊತ್ತಿರಲಿಲ್ವಾ?”

“ಗೊತ್ತಿತ್ತು. ನಾವಿಬ್ರೂ ಹೇಳಿದ್ವಿ. ಸರಾಸರಿ ಕರೆಂಟ್ ಸರಿಯಾಗೇ ಬರ್ತಿದೆಯಲ್ಲ ಅಂದ್ರು ಮ್ಯಾನೇಜರ್.”

ಅವರು ಅಳಲಿಲ್ಲ. ಹಿಡಿದುಕೊಂಡಿದ್ದ ನನ್ನ ಕೈ ಬಿಟ್ಟು ಒಳಗೆ ಹೋದರು.

ಸಂಜೆ ಮ್ಯಾನೇಜರ್ ಫೋನು. “ಬಿರುಗಾಳಿ ಬಂದಿತ್ತು ಅಂತ ವರದಿ ಬರೀರಿ, ತನುಜಾ.” ಆಗಲ್ಲ ಸಾರ್ ಎಂದೆ. ಹಾಗಾದರೆ ಸೋಮವಾರದಿಂದ ಬರಬೇಡಿ ಎಂದರು.

ಕೆಲಸ ಹೋದದ್ದಲ್ಲ ಸಂಕಟ. ಅದೇ ನೀರಿನಲ್ಲಿ ಅಂಥವೇ ಇನ್ನೆರಡು ಟರ್ಬೈನ್ ತಿರುಗುತ್ತಿವೆ. ನಾಳೆ ಬೆಳಗ್ಗೆ ಅವನ್ನು ಎತ್ತಲು, ಗಂಗರಾಜುವಿನ ಜಾಗಕ್ಕೆ ಬಂದ ಕನಕರಾಜ್ ದೋಣಿ ಹತ್ತುತ್ತಾನೆ. ಅವನಿಗೆ ಫೋನ್ ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ.