ಎಂಜಿನ್ ಕೋಣೆಯ ಕೆಂಪು ಬಟ್ಟೆ

ಮಾರ್ಚ್ 3, ಬೆಳಿಗ್ಗೆ 6.30
ದಾಳಿಂಬೆಗೆ ನೀರು ಬಿಟ್ಟೆ. ಪ್ರತಿ ವಾಲ್ವ್ ಎರಡೆರಡು ಸಲ ತಿರುಗಿಸಿ ನೋಡುವ ಚಟ ಇನ್ನೂ ಹೋಗಿಲ್ಲ. ಹೆಂಡತಿ ವಿರೂಪಾಕ್ಷಮ್ಮ ನಗುತ್ತಾಳೆ — "ಇದು ತ್ವಾಟ ಐತ್ರಿ, ಹಡಗಲ್ಲ."
ಮಾಜಿ ಸೈನಿಕರ ಸಂಘದ ದ್ಯಾಮಣ್ಣ ಗಂಗಾವತಿಯಿಂದ ಫೋನ್ ಮಾಡಿದ್ದ. ಸ್ಮರಣ ಸಂಚಿಕೆಗೆ ನನ್ನ ಹಡಗಿನ ಚರಿತ್ರೆ ಬೇಕಂತೆ. "ನೀರ ಕಾಣದ ಕುಷ್ಟಗ್ಯಾಂವ ಸಮುದ್ರ ಸೇರಿದ್ದು ಬರಿಯಪಾ." ಬರೆಯಬೇಕು.

ಮಾರ್ಚ್ 5
ಎರಡು ಪುಟ ಆಯಿತು. ಫ್ರಿಗೇಟ್ ದರ್ಜೆಯ ಯುದ್ಧನೌಕೆ. ನೂರಿಪ್ಪತ್ತೈದು ಮೀಟರ್ ಉದ್ದ, ನಾಲ್ಕು ಗ್ಯಾಸ್ ಟರ್ಬೈನ್. ರಾಡಾರ್ ಕಣ್ಣು ತಪ್ಪಿಸಲು ಓರೆ ಗೋಡೆಗಳು. ಸುನಾಮಿಯಲ್ಲಿ ಅಕ್ಕಿ, ಕುಡಿಯುವ ನೀರು ಹೊತ್ತು ಹೋಗಿದ್ದು. ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರನ್ನು ಅಟ್ಟಿದ್ದು. ಈಗ ಅದರಲ್ಲೇ ಮಗಳು ಅಮೃತಾ, ನಾನು ದುಡಿದ ಅದೇ ಎಂಜಿನ್ ಕೋಣೆಯಲ್ಲಿ. ಬರೆಯುತ್ತಾ ಎದೆ ಉಬ್ಬಿತು.
2011ರ ದುರಸ್ತಿ — ಅಲ್ಲಿಗೆ ಪೆನ್ ನಿಂತಿತು. ನಾಳೆ ನೋಡೋಣ.

ಮಾರ್ಚ್ 9, ಸಂಜೆ 5
ಅಮೃತಾ ಫೋನ್. "ಅಪ್ಪಾಜಿ, ನೀವು ಕಟ್ಟಿದ್ದ ಹುಲಿಗೆಮ್ಮನ ಕೆಂಪ ಅರಿವಿ ಸಿಕ್ತು ನೋಡ್ರಿ! ಸಮುದ್ರದ ನೀರಿನ ವಾಲ್ವಿಗೆ ಇತ್ತು. ಎಣ್ಣಿ ಹತ್ತಿ ಹೊಲಸಾಗಿತ್ತು. ಬಿಚ್ಚಿ, ತೊಳದು, ನನ್ನ ಪೆಟ್ಟಿಗ್ಯಾಗ ಇಟ್ಕೊಂಡೀನಿ."
"ಹಳಬರು ಏನೂ ಅನ್ನಲಿಲ್ಲೇನವ್ವ?"
"ಎಲ್ಲಾರೂ ವರ್ಗ ಆಗಿ ಹೋಗ್ಯಾರ್ರಿ. ನಾವು ಹೊಸಬ್ರ ಅದೀವಿ. ನಾಳಿ ನಸುಕಿನ್ಯಾಗ ಹೊಂಡತೀವಿ. ಹದಿನೈದು ದಿನ ಫೋನ್ ಇರಂಗಿಲ್ಲ."
ಹೇಳಬೇಕಿತ್ತು. ಆಗಲೇ. "ಛಲೋ ಆತವ್ವ" ಅಂದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 10, ಬೆಳಿಗ್ಗೆ 7
ಸ್ವಿಚ್ ಆಫ್. ಹನ್ನೊಂದು ಸಲ ಮಾಡಿದೆ.
ಇಲ್ಲಾದರೂ ನಿಜ ಬರೆಯುತ್ತೇನೆ. 2011ರ ಆ ದುರಸ್ತಿಯಲ್ಲಿ ಸಮುದ್ರದ ನೀರಿನ ಆ ವಾಲ್ವ್ ಉಲ್ಟಾ ಕೂತಿತ್ತು. ಉಳಿದವೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಅದು ತೆರೆಯುತ್ತದೆ. ಸರಿಮಾಡಲು ಹಡಗು ಮತ್ತೆ ಡಾಕ್‌ಗೆ ಹೋಗಬೇಕಿತ್ತು, ಹೊರಡುವ ದಿನ ತಪ್ಪುತ್ತಿತ್ತು. 'ಸರಿಯಿದೆ' ಎಂದು ಸಹಿ ಹಾಕಿದೆ. ಗುರುತಿಗೆ ಕೆಂಪು ಬಟ್ಟೆ ಕಟ್ಟಿದೆ. ಸಾಹೇಬರು ಕೇಳಿದಾಗ ನಮ್ಮೂರ ಕಡೆಯ ದೇವಿ ಹುಲಿಗೆಮ್ಮನದು ಅಂದೆ. ದೇವರ ಬಟ್ಟೆ, ಯಾರೂ ಮುಟ್ಟಲಿಲ್ಲ. ನನ್ನ ಜಾಗಕ್ಕೆ ಬಂದವನಿಗೆ ಮಾತ್ರ ಕಿವಿಯಲ್ಲಿ ಹೇಳಿದೆ. ಮಗಳಿಗೆ ಚಿಕ್ಕಂದಿನಿಂದ ದೇವಿಯ ಕಥೆಯನ್ನೇ ಹೇಳಿದೆ.
ಇಷ್ಟು ವರ್ಷದಲ್ಲಿ ವಾಲ್ವ್ ಬದಲಿಸಿರಬಹುದು... ಇಲ್ಲ. ನಾನು ಕಟ್ಟಿದ ಬಟ್ಟೆ ಹದಿನಾಲ್ಕು ವರ್ಷ ಬಾಳುವುದಿಲ್ಲ. ಯಾರೋ ಹೊಸದು ಕಟ್ಟುತ್ತಲೇ ಬಂದಿದ್ದಾರೆ.
ನೀರು ನುಗ್ಗಿದರೆ ಅಮೃತಾ ಬಲಕ್ಕೇ ತಿರುಗಿಸುತ್ತಾಳೆ. ನಾನೇ ಕಲಿಸಿದ್ದು, ಇದೇ ತೋಟದಲ್ಲಿ.

ಮಾರ್ಚ್ 15
ಐದು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಸಹಿ ಯಾರದು ಎಂದು ಕೇಳುತ್ತಾರೆ. ಹೇಡಿ ನಾನು.
"ಯಾಕ್ರಿ, ಊಟಾನ ಬಿಟ್ಟೀರಲ್ಲ?" ಎಂದಳು ವಿರೂಪಾಕ್ಷಮ್ಮ. ಎಲ್ಲ ಹೇಳಿಬಿಟ್ಟೆ. ಅಳಲಿಲ್ಲ, ಬೈಯಲಿಲ್ಲ. ಫೋನ್ ತಂದು ಮುಂದಿಟ್ಟಳು. "ಮಾಡ್ರಿ."

11.20
ನೌಕಾಪಡೆಯ ಕಚೇರಿ ಸಿಕ್ಕಿತು. ವಾಲ್ವ್, ಬಟ್ಟೆ, ಸಹಿ — ಎಲ್ಲ ಹೇಳಿದೆ. ಯಾವ ಹಡಗು ಎಂದರು. ಹೇಳಿದೆ. ಯಾರೋ ಯಾರನ್ನೋ ಕರೆದರು. ಅದರಲ್ಲಿ ನಿಮ್ಮವರು ಇದ್ದಾರೆಯೇ ಎಂದು ಕೇಳಿದರು. ಮಗಳು ಎಂದೆ. ಫೋನ್ ಹಿಡಿದುಕೊಂಡೇ ಇರಿ ಎಂದರು.
ಒಂಬತ್ತು ನಿಮಿಷವಾಯಿತು. ಫೋನ್ ಕಿವಿಯಲ್ಲೇ ಇದೆ. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ವಿರೂಪಾಕ್ಷಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾಳೆ.
ಬೇರೆ ಯಾರೋ ಬಂದರು. ಅಮೃತಾಳ ತಂದೆಯೇ ಎಂದು ಕೇಳುತ್ತಿದ್ದಾರೆ. ಅವಳ ಹೆಸರು ನಾನಿನ್ನೂ ಹೇಳಿಯೇ —