ಅಣ್ಣ ಹೆಚ್ಚಿಸಿದ ಎರಡು ವರ್ಷ

ಲೆಸ್ಟರ್, ಇಂಗ್ಲೆಂಡ್
ಅಕ್ಟೋಬರ್ ೨೦೦೬

ನನ್ನ ವಯಸ್ಸಿಗೆ ಕೈ ಹಾಕಿದ ಅಣ್ಣನಿಗೆ,

ನಿನ್ನ ತಂಗಿ ಸುಶೀಲ ಬರೆಯುತ್ತಿದ್ದೇನೆ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ಮೊದಮೊದಲು ನಿನ್ನ ನೆನಪಾದರೆ ಅಳು ಬರುತ್ತಿತ್ತು. ಈ ಎರಡು ತಿಂಗಳಿಂದ ಸಿಟ್ಟು ಬರುತ್ತಿದೆ. ಬದುಕಿದ್ದಿದ್ದರೆ ಫೋನಿನಲ್ಲೇ ಜಗಳ ತೆಗೆಯುತ್ತಿದ್ದೆ, ಈಗ ಕಾಗದವೇ ಗತಿ. ಪೂರ್ತಿ ಓದು. ಅರ್ಧಕ್ಕೆ ಮಡಿಸಿ ಕನ್ನಡಕದ ಡಬ್ಬಿಯೊಳಗೆ ತುರುಕಿ ‘ಆಮೇಲೆ ನೋಡಿದ್ರಾಯ್ತು’ ಅನ್ನಬೇಡ, ನಿನ್ನ ಆ ಬುದ್ಧಿ ನನಗೆ ಗೊತ್ತಿದೆ.

ಮೂರು ವರ್ಷದ ಹಿಂದೆ ನಾನು ಬಾಳೂರಿಗೆ ಬಂದು ನಿಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದದ್ದು ನೆನಪಿದೆಯಾ? ಆಗ ಯಾವ ವಿಮೆಯನ್ನೂ ಮಾಡಿಸದೆ ಹೊರಟು ಬಂದಿದ್ದೆ. ಮೂವತ್ತೈದು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿ ಕಂಡಕಂಡವರ ನಾಡಿ ಹಿಡಿದವಳು, ನನಗೇನಾಗುತ್ತದೆ ಎಂಬ ಜಂಬ. ಅತ್ತಿಗೆಯ ಕಡುಬು ಬೇಯುವ ಮೊದಲೇ ಎದೆ ಹಿಡಿದುಕೊಂಡಿತು. ನೀನು ಪಕ್ಕದ ತೋಟದವರ ಜೀಪು ತರಿಸಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಸಿ, ಮಂಗಳೂರಿಗೆ ಒಯ್ದೆ. ಎಪ್ಪತ್ತು ದಾಟಿದ ಮನುಷ್ಯ ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ‘ಸುಶೀ, ಉಸಿರಾಡ್ತಿದೀಯಾ?’ ಎಂದು ಕೇಳುತ್ತಿದ್ದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ನನ್ನನ್ನು ಉಳಿಸಿದರು. ಮೂರನೆಯ ದಿನ ನೀನು ಹಾಸಿಗೆಯ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡೆ. “ಇನ್ಮೇಲೆ ಇನ್ಶೂರೆನ್ಸ್ ಇಲ್ದೆ ಈ ಕಡೆ ಕಾಲು ಹಾಕ್ಬೇಡ. ನನ್ ಕೈಲಿ ಇನ್ನೊಂದ್ ಸಲ ಆ ಘಾಟಿ ಇಳಿಯೋಕಾಗಲ್ಲ ಮಾರಾಯ್ತಿ. ಮಾತು ಕೊಡು” ಅಂದೆ. ಕೊಟ್ಟೆ. ಆ ಹೊತ್ತಿನಲ್ಲಿ ನೀನು ಏನು ಕೇಳಿದ್ದರೂ ಕೊಡುತ್ತಿದ್ದೆ.

ಹೋದ ವರ್ಷ ನವೆಂಬರಿನಲ್ಲಿ ನೀನು ಹಾಸಿಗೆ ಹಿಡಿದಾಗ ಆ ಮಾತೇ ನನ್ನ ಕಾಲಿಗೆ ಸುತ್ತಿಕೊಂಡಿತು. ಮೂರು ವಾರ ಒಂದಾದ ಮೇಲೊಂದು ಕಂಪನಿಗೆ ಫೋನು ಮಾಡಿದೆ. ಸ್ಟೆಂಟ್ ಎಂದ ಕೂಡಲೇ ಒಬ್ಬರು ಇಟ್ಟುಬಿಡುತ್ತಿದ್ದರು, ಇನ್ನೊಬ್ಬರು ಡಾಕ್ಟರ ಕಾಗದ ಕೇಳುತ್ತಿದ್ದರು, ಮತ್ತೊಬ್ಬರು ಸಂಗೀತ ಹಾಕಿ ಕಾಯಿಸುತ್ತಿದ್ದರು. ಆ ನಡುವೆ ಒಂದು ದಿನ ನೀನೇ ಫೋನಿಗೆ ಬಂದೆ. ದನಿ ಬಹಳ ಸಣ್ಣದಾಗಿತ್ತು. “ಸುಶೀ, ಅವತ್ತು ದೇವ್ರ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದ್ನಲ್ಲ, ಅದಕ್ಕೇ ಈ ನೋವು ಬಂತೇನೋ” ಅಂದೆ. ನಾನು ಸುಮ್ಮನಿರು ಎಂದು ಗದರಿದೆ. ಅದಾಗಿ ನಾಲ್ಕನೆಯ ದಿನ, ಒಂದು ಕಂಪನಿಯವರು ‘ಯೋಚಿಸಿ ಹೇಳುತ್ತೇವೆ’ ಅಂದ ಬೆಳಿಗ್ಗೆಯೇ, ಅತ್ತಿಗೆಯ ಫೋನು ಬಂತು. ಅವರು ಇನ್ನೂ ಯೋಚಿಸುತ್ತಲೇ ಇದ್ದಾರೋ ಏನೋ. ನಿನ್ನ ಮುಖ ನೋಡಲಿಕ್ಕಾಗಲಿಲ್ಲ ಅಣ್ಣ. ವಿಮೆ ಗಿಮೆ ಎಂದು ಕೂರದೆ ನಾನು ಹೊರಟೇ ಬಿಟ್ಟಿದ್ದರೆ…

ಆಗಸ್ಟಿನಲ್ಲಿ ಅತ್ತಿಗೆ ಫೋನು ಮಾಡಿ, “ವರ್ಷಾಂತಿಕಕ್ಕಾದ್ರೂ ಬಾರೇ. ಅವ್ರು ಹೋದಾಗ ನೀನಿಲ್ಲ ಅಂತ ನಂಗೆ ಇನ್ನೂ ಸಮಾಧಾನ ಇಲ್ಲ” ಎಂದರು. ಬಂದೇ ಬರುತ್ತೇನೆ ಅಂದೆ, ಕೊಟ್ಟ ಮಾತಿಗಾಗಿ ಮತ್ತೆ ಅದೇ ಫೋನು ಹಿಡಿದೆ. ಒಬ್ಬ ಹುಡುಗಿ ಕೇಳುತ್ತಾಳೆ, ನೀವು ಉಳಿಯುವ ಜಾಗದಿಂದ ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ? ಮಂಜು ಇಲ್ಲದಿದ್ದರೆ ನಾಲ್ಕು ಗಂಟೆ, ಅಂದೆ. ಮಂಜು ಇದ್ದರೆ? ಅದು ದೇವರಿಗೆ ಬಿಟ್ಟದ್ದು, ಅಂದೆ. ತುರ್ತಾದರೆ ಹೆಲಿಕಾಪ್ಟರ್ ಕಳಿಸುತ್ತಾರಂತೆ, ಇಳಿಯಲು ಸಮತಟ್ಟಾದ ಜಾಗ ಇದೆಯೇ ಎಂದಳು. ನಮ್ಮಲ್ಲಿ ಸಮತಟ್ಟು ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಕುಯ್ಲಿನ ಕಾಲದಲ್ಲಿ ಅಲ್ಲಿ ಹೆಲಿಕಾಪ್ಟರ್ ಇಳಿದು ಹರಡಿದ ಕಾಫಿಯೆಲ್ಲ ಹಾರಿಹೋದರೆ, ಅತ್ತಿಗೆ ಪೊರಕೆ ಹಿಡಿದು ಪೈಲಟ್‌ನನ್ನು ಗೇಟಿನವರೆಗೂ ಅಟ್ಟಿಕೊಂಡು ಹೋಗುತ್ತಾರೆ. ಇದನ್ನೆಲ್ಲ ಆ ಹುಡುಗಿಗೆ ಹೇಗೆ ಹೇಳಲಿ? ಜಾಗ ಇದೆ ಅಂದೆ.

ಇಷ್ಟಾದ ಮೇಲೆ ಹುಟ್ಟಿದ ದಿನ ಕೇಳಿದಳು. ಸಿಟ್ಟು ಶುರುವಾದದ್ದು ಅಲ್ಲಿ. ಪಾಸ್‌ಪೋರ್ಟಿನಲ್ಲಿ ಇರುವಂತೆ ಹೇಳಿದೆ. “ಕ್ಷಮಿಸಿ, ಜೂನ್ ಒಂದಕ್ಕೆ ನಿಮಗೆ ಎಪ್ಪತ್ತು ತುಂಬಿದೆ. ನಮ್ಮ ವಿಮೆ ಅರವತ್ತೊಂಬತ್ತರವರೆಗೆ ಮಾತ್ರ” ಅಂದಳು. ಇಲ್ಲಮ್ಮ, ನಿಜವಾಗಿ ನನಗೆ ಅರವತ್ತೆಂಟೇ, ಅಣ್ಣ ಎರಡು ವರ್ಷ ಹೆಚ್ಚು ಬರೆಸಿದ, ಎಂದು ಕಥೆ ಶುರುಮಾಡಿದೆ. ಅವಳು ‘ಗ್ರಾಹಕರು ಹುಟ್ಟಿದ ದಿನಾಂಕ ಒಪ್ಪುತ್ತಿಲ್ಲ’ ಎಂದು ಟೈಪು ಮಾಡುತ್ತಿರುವುದನ್ನು ನನಗೇ ಓದಿ ಹೇಳಿದಳು. ವಯಸ್ಸಾದವರಿಗೇ ವಿಮೆ ಮಾಡುವ ಇನ್ನೊಂದು ಕಂಪನಿಯಿತ್ತು. ಅಲ್ಲಿ ಎಪ್ಪತ್ತಾದರೂ ಅಡ್ಡಿಯಿರಲಿಲ್ಲ, ಆದರೆ ಸುಳ್ಳು ವಯಸ್ಸು ಕೊಟ್ಟರೆ ನಾಳೆ ವಿಮೆ ನಿಲ್ಲಲಿಕ್ಕಿಲ್ಲವೆಂದು ಅಲ್ಲಿಯೂ ನಾನು ಅರವತ್ತೆಂಟೇ ಎಂದು ಹಟ ಹಿಡಿದೆ. ಪಾಸ್‌ಪೋರ್ಟ್ ತಪ್ಪಿದ್ದರೆ ಮೊದಲು ಸರಿಮಾಡಿಸಿಕೊಂಡು ಬನ್ನಿ ಅಂದರು. ನೋಡು ಅಣ್ಣ, ವಿಮೆ ಮಾಡಿಸದೆ ಬರಬೇಡ ಅಂದವನೂ ನೀನೇ, ಆ ವಿಮೆ ಸಿಗದ ಹಾಗೆ ಮಾಡಿಟ್ಟು ಹೋದವನೂ ನೀನೇ. ಯಾರ ಹತ್ತಿರ ಹೇಳಿಕೊಳ್ಳಲಿ?

ನೀನು ಮೂಡಿಗೆರೆಯ ಕಚೇರಿಯಿಂದ ನನ್ನ ವಯಸ್ಸಿನ ಪ್ರಮಾಣಪತ್ರ ತಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಬಿಳಿ ದೊರೆಗಳ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪಯ್ಯ, ಅತ್ತಿಗುಂಡಿ ಕಡೆಯ ಒಬ್ಬ ಪ್ಲಾಂಟರಿಗೆ ನನ್ನನ್ನು ಕೊಡುವುದೆಂದು ಮಾತಾಡಿ ಬಂದಿದ್ದರು. ನಲವತ್ತು ದಾಟಿದ ಮನುಷ್ಯ, ಹೆಂಡತಿ ಸತ್ತಿದ್ದಳು, ಮೂರು ಮಕ್ಕಳು. ಹುಡುಗಿಗೆ ಹದಿನಾರು ಎಂದು ಅಪ್ಪಯ್ಯ ಅವರಿಗೆ ಹೇಳಿದ್ದರು. ಶಾಲೆಯ ಪುಸ್ತಕದಲ್ಲೂ ಹಾಗೇ ಇತ್ತು. ಮಂಗಳೂರಿನಲ್ಲಿ ನರ್ಸ್ ತರಬೇತಿಗೆ ಸೇರಿಸಿಕೊಳ್ಳಲು ಹದಿನೆಂಟು ತುಂಬಿರಬೇಕಿತ್ತು. ನೀನು ಯಾರಿಗೂ ಹೇಳದೆ ಹೋಗಿ, ನನ್ನ ತಂಗಿಗೆ ಹದಿನೆಂಟಾಗಿದೆ, ಶಾಲೆಯಲ್ಲಿ ತಪ್ಪಾಗಿ ಬರೆಸಿದೆ ಎಂದು ಆಣೆ ಮಾಡಿ, ನಿನಗೆ ತೋಚಿದ ಜೂನ್ ಒಂದನ್ನು ಬರೆಸಿ ಮೊಹರು ಹಾಕಿಸಿಕೊಂಡು ಬಂದೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಆ ಕಾಗದವನ್ನು ಎರಡು ಸಲ ಓದಿದರು. ನಿನ್ನ ಮುಖ ನೋಡಿದರು. ಒಂದು ಮಾತೂ ಆಡದೆ ಎದ್ದು, ಮಳೆ ಅಳೆಯುವ ಗೇಜು ನೋಡಲು ಹೋದರು. ಅಷ್ಟು ಸಿಟ್ಟು ಬಂದಿದೆ ಎಂದು ನಾವಿಬ್ಬರೂ ನಡುಗಿದೆವು. ಮೂರನೆಯ ದಿನ ನೀನು ನನ್ನನ್ನು ಬಸ್ಸು ಹತ್ತಿಸಿದೆ.

ಆ ವರ್ಷದಿಂದ ಕುಯ್ಲು ಮುಗಿದ ಮೇಲೆ ನೀನು ಹೊರನಾಡಿನ ಅಮ್ಮನವರ ಗುಡಿಗೆ ಹೋಗಿ ಆ ಸುಳ್ಳಿಗಾಗಿ ಹುಂಡಿಗೆ ತಪ್ಪುಕಾಣಿಕೆ ಹಾಕುತ್ತಿದ್ದೆ. ಒಮ್ಮೆ ನಾನೂ ಜೊತೆಗೆ ಬಂದಿದ್ದೆ. ಊರಿಗೆಲ್ಲ ದಬಾಯಿಸುವ ನನ್ನ ಅಣ್ಣ ಗರ್ಭಗುಡಿಯ ಮುಂದೆ ತಲೆ ತಗ್ಗಿಸಿ, “ತಂಗಿಗೋಸ್ಕರ ಹೇಳಿದ್ ಸುಳ್ಳು, ಹೊಟ್ಟೆಗೆ ಹಾಕ್ಕೋ ತಾಯಿ” ಎಂದು ಪಿಸುಗುಟ್ಟುತ್ತಿದ್ದುದನ್ನು ಕಂಡು ನನಗೆ ನಗು ಬಂದಿತ್ತು. ನಾನು ಕೆಲಸದಿಂದ ನಿವೃತ್ತಳಾದಾಗಲೂ ಅದೇ ವಿಚಾರ ಎತ್ತಿ ನಕ್ಕಿದ್ದೆವು. ಎರಡು ವರ್ಷ ಮೊದಲೇ ಪೆನ್ಷನ್ ಬಂತಲ್ಲ, ಅರ್ಧ ನಂಗೆ ಕಳ್ಸು, ಅಂದಿದ್ದೆ ನೀನು. ಆಗ ಆ ಸುಳ್ಳು ನನಗೂ ಸಿಹಿಯಾಗಿತ್ತು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಕೇಳಿದಾಗ, ಹುಟ್ಟಿದ ಕಾಲದಲ್ಲೇ ಬರೆದಿಟ್ಟ ದಾಖಲೆ ಏನಾದರೂ ಇದ್ದರೆ ತನ್ನಿ ಎಂದರು. ಆಗ ನನಗೆ ಅಪ್ಪಯ್ಯನ ಮಳೆ ಪುಸ್ತಕಗಳು ನೆನಪಾದವು. ದೊರೆ ಎಸ್ಟೇಟ್ ಮಾರಿ ಹೋಗುವಾಗ ಸುಟ್ಟುಹಾಕಿ ಅಂದಿದ್ದ ಹಳೆಯ ಪುಸ್ತಕಗಳನ್ನು ಅವರು ಮನೆಗೆ ತಂದು ಅಟ್ಟದ ಮೇಲೆ ಇಟ್ಟಿದ್ದರಲ್ಲ? ದಿನಕ್ಕೊಂದು ಸಾಲು, ಎಷ್ಟು ಇಂಚು, ಇಂಚಿನ ನೂರು ಪಾಲಿನಲ್ಲಿ ಎಷ್ಟು ಸೆಂಟು ಮಳೆ ಎಂದು. ಪಕ್ಕದಲ್ಲಿ ಮನೆಯ ಸುದ್ದಿಯನ್ನೂ ಗೀಚುತ್ತಿದ್ದರು. ನಾನು ಹುಟ್ಟಿದ್ದನ್ನು ಬರೆಯದೆ ಬಿಟ್ಟಿರುತ್ತಾರೆಯೇ? ಅತ್ತಿಗೆಗೆ ಫೋನು ಮಾಡಿ, ಅರವತ್ತೆಂಟು ವರ್ಷದ ಹಿಂದಿನ ಪುಸ್ತಕ ಹುಡುಕಿ ಎಂದೆ. ಮೊಣಕಾಲು ನೋವಿಗೆ ಶಾಪ ಹಾಕುತ್ತಲೇ ಅವರು ಅಟ್ಟ ಹತ್ತಿದರು.

ಮಾರನೆಯ ದಿನ ಅವರೇ ಫೋನು ಮಾಡಿದರು. “ನೀ ಹೇಳಿದ್ ವರ್ಷದ್ ಪುಸ್ತಕ ಪೂರ್ತಿ ತಿರುವಿದೆ ಕಣೇ. ನೀನ್ ಇಲ್ಲ.”

“ಇಲ್ಲ ಅಂದ್ರೆ? ಸರಿಯಾಗಿ ನೋಡಿ ಅತ್ತಿಗೆ.”

“ಎರಡು ಸಲ ನೋಡ್ದೆ ಮಾರಾಯ್ತಿ. ಬರೀ ಮಳೆ. ಕೆಂದಿ ಹಸು ಕರು ಹಾಕಿದ್ದು ಬರ್ದಿದ್ದಾರೆ, ನಿನ್ ಸುದ್ದಿ ಇಲ್ಲ.”

ಹಸುವಿಗೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲವಲ್ಲ ಎಂದು ಫೋನು ಕುಕ್ಕಿದೆ. ಎರಡು ದಿನ ಬಿಟ್ಟು ಮತ್ತೆ ಫೋನು ಬಂತು. ಅತ್ತಿಗೆ ಹಟ ಬಿಡದೆ ಎಲ್ಲ ಪುಸ್ತಕಗಳನ್ನೂ ಕೆಳಗಿಳಿಸಿಕೊಂಡು ಕೂತಿದ್ದರಂತೆ. ಅವರ ದನಿ ಬೇರೆಯಾಗಿತ್ತು.

“ಸುಶೀಲಾ, ಸಿಕ್ತು. ಆದ್ರೆ ನೀ ಹೇಳಿದ್ದಕ್ಕಿಂತ ಎರಡು ವರ್ಷ ಹಿಂದಿನ್ ಪುಸ್ತಕದಲ್ಲಿದೆ. ಮಾರ್ಚ್ ಕೊನೇ ವಾರ. ಒಂದ್ ಇಂಚು ಹನ್ನೆರಡು ಸೆಂಟು, ಕಾಫಿ ಹೂ ಅರಳ್ಸೋ ಹೂಮಳೆ, ಅಂತ ಇಂಗ್ಲಿಷಲ್ಲಿ ಬರ್ದು, ಪಕ್ಕದಲ್ಲಿ ಕನ್ನಡದಲ್ಲಿ ‘ಹೆಣ್ಣು ಕೂಸು’ ಅಂತ ಬರ್ದಿದ್ದಾರೆ.”

ಅಪ್ಪಯ್ಯನಿಗೆ ನಾನಲ್ಲದೆ ಬೇರೆ ಹೆಣ್ಣು ಕೂಸು ಎಲ್ಲಿಂದ ಬರಬೇಕು? ಅರ್ಥವಾಯಿತಾ ಅಣ್ಣ? ನನಗೆ ಅರವತ್ತೆಂಟಲ್ಲ, ನಿಜವಾಗಿಯೂ ಎಪ್ಪತ್ತು. ನೀನು ಬರೆಸಿದ ವರ್ಷವೇ ಸರಿ. ಜೂನ್ ಒಂದು ತಪ್ಪು, ಅದಕ್ಕೂ ಎರಡು ತಿಂಗಳು ಮೊದಲೇ ಹುಟ್ಟಿದ್ದೇನೆ. ಎರಡು ತಿಂಗಳಿಂದ ಕಂಡವರೊಡನೆಲ್ಲ ನಾನು ಜಗಳವಾಡಿದ್ದು ನನ್ನದಲ್ಲದ ವಯಸ್ಸಿಗಾಗಿ.

ಚಿಕ್ಕವಳಿದ್ದಾಗ ಜ್ವರಗಡ್ಡೆ ಎಂದು ನಾನು ಮಲಗಿಯೇ ಇರುತ್ತಿದ್ದದ್ದು ಮಸುಕಾಗಿ ನೆನಪಿದೆ. ಆಗ ನಮ್ಮ ಕಡೆ ಮಲೇರಿಯಾ ಬರದ ಮನೆಯೇ ಇರಲಿಲ್ಲವಲ್ಲ. ಅದರಿಂದ ತಡವಾಗಿ ಶಾಲೆಗೆ ಸೇರಿಸುವಾಗ ಮೇಷ್ಟ್ರ ಮುಂದೆ ಅಪ್ಪಯ್ಯ ‘ಆರು’ ಅಂದದ್ದೂ ನೆನಪಿದೆ. ಎಂಟು ಎಂದರೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ಇಳಿಸಿರಬೇಕು. ನೀನು ಕೊಪ್ಪದ ಅಜ್ಜಿ ಮನೆಯಲ್ಲಿ ಬೆಳೆದವನು, ಮನೆಗೆ ಬರುವ ಹೊತ್ತಿಗೆ ನಾನು ಆಗಲೇ ಸ್ಲೇಟು ಹಿಡಿದಿದ್ದೆ. ನಿನಗೆ ಹೇಗೆ ಗೊತ್ತಾಗಬೇಕು? ಆದರೆ ಅಪ್ಪಯ್ಯನಿಗೆ ಗೊತ್ತಿತ್ತು. ಆ ಸಂಜೆ ಜಗಲಿಯಲ್ಲಿ ಕಾಗದವನ್ನು ಎರಡು ಸಲ ಓದಿದವರು, ನೀನು ಬರೆಸಿದ್ದು ನಿಜ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ, ಬೀಗರ ಮುಂದೆ ಹದಿನಾರು ಎಂದ ತಮ್ಮ ಸುಳ್ಳು ಹೊರಬೀಳುತ್ತಿತ್ತು. ಸುಮ್ಮನೆ ಎದ್ದು ಗೇಜು ನೋಡಲು ಹೋದರು. ವರ್ಷವರ್ಷ ನೀನು ಹೊರನಾಡಿಗೆ ಹೊರಡುವಾಗಲೂ ನೋಡುತ್ತ ಕೂತಿದ್ದರಲ್ಲ, ಹೇಗೆ ಮನಸ್ಸು ಬಂತು ಅವರಿಗೆ? ನಿನ್ನ ಮೇಲಿದ್ದ ಸಿಟ್ಟನ್ನೆಲ್ಲ ಈಗ ಅವರ ಹೆಸರಿಗೆ ವರ್ಗಾಯಿಸಿದ್ದೇನೆ. ಸಿಕ್ಕರೆ ನೀನೇ ವಿಚಾರಿಸು.

ಕಳೆದ ಸೋಮವಾರ ಆ ಎರಡನೆಯ ಕಂಪನಿಗೆ ಮತ್ತೆ ಫೋನು ಮಾಡಿದೆ. ವಯಸ್ಸೆಷ್ಟು ಎಂದರು. ಎಪ್ಪತ್ತು, ಅಂದೆ. ಮುಂದಿನ ಪ್ರಶ್ನೆಗೆ ಹೋದರು, ಅಷ್ಟೇ. ಡಾಕ್ಟರ ಕಾಗದ, ರಕ್ತದೊತ್ತಡದ ಚೀಟಿ, ಮಾತ್ರೆಗಳ ಪಟ್ಟಿ ಎಲ್ಲ ಕಳಿಸಿದೆ. ಹೃದಯವೂ ಸೇರಿದ ಹಾಗೆ ಮೂವತ್ತು ದಿನದ ವಿಮೆಯ ಕಾಗದ ಈ ಬೆಳಿಗ್ಗೆ ಅಂಚೆಯಲ್ಲಿ ಬಂತು. ನಿನಗೆ ಕೊಟ್ಟ ಮಾತು ಉಳಿಯಿತು. ಟಿಕೆಟ್ಟೂ ಆಗಿದೆ, ವರ್ಷಾಂತಿಕಕ್ಕೆ ನಾಲ್ಕು ದಿನ ಮೊದಲೇ ಬಾಳೂರು ಸೇರುತ್ತೇನೆ.

ಕೊನೆಯ ಸಲ ಫೋನಿನಲ್ಲಿ ನೀನು ಆ ನೋವಿನ ಮಾತು ಆಡಿದಾಗ ಗದರಿದ್ದೆನಲ್ಲ, ಅದು ನನ್ನನ್ನು ಇವತ್ತಿಗೂ ಸುಡುತ್ತದೆ. ಸಮಾಧಾನ ಹೇಳಲು ಆಗ ನನ್ನ ಹತ್ತಿರ ಏನೂ ಇರಲಿಲ್ಲ, ಈಗ ಇದೆ. ನೀನು ಆಣೆ ಮಾಡಿ ಹೇಳಿದ್ದು ನಿಜ. ನಿನಗೇ ಗೊತ್ತಿಲ್ಲದೆ ನಿಜ ಹೇಳಿ, ಐವತ್ತು ವರ್ಷ ಅದಕ್ಕೆ ತಪ್ಪುಕಾಣಿಕೆ ಹಾಕಿದೆ. ವರ್ಷಾಂತಿಕ ಮುಗಿದ ಮಾರನೆಯ ದಿನ ಅತ್ತಿಗೆಯನ್ನು ಕರೆದುಕೊಂಡು ಹೊರನಾಡಿಗೆ ಹೋಗುತ್ತೇನೆ. ಮಳೆ ಪುಸ್ತಕದ ಆ ಹಾಳೆಯ ಜೆರಾಕ್ಸ್ ನನ್ನ ಚೀಲದಲ್ಲಿರುತ್ತದೆ. ನನ್ನ ಅಣ್ಣ ಸುಳ್ಳು ಹೇಳಿರಲಿಲ್ಲ ಎಂದು ಅಮ್ಮನವರ ಮುಂದೆ ತಲೆಯೆತ್ತಿ ಹೇಳುತ್ತೇನೆ. ಈ ಸಲ ಹುಂಡಿಗೆ ಏನೂ ಹಾಕುವುದಿಲ್ಲ, ನಾನೂ ಅತ್ತಿಗೆಯೂ ಪಂಕ್ತಿಯಲ್ಲಿ ಕೂತು ಊಟ ಮಾಡಿಕೊಂಡು ಬರುತ್ತೇವೆ.

ಎಪ್ಪತ್ತು ತುಂಬಿದ ನಿನ್ನ ತಂಗಿ,
ಸುಶೀ